ಮೇಲಿನ ಮನೆಯವರಿಗೆ ಒಂದು ಮಾತು

ಮೊದಲು ಬಂದದ್ದು ಗುಳ್ಳ. ಮಟ್ಟು ಊರಿನ ಒಬ್ಬರು, ನನಗೆ ಮುಖಪರಿಚಯವೂ ಇಲ್ಲದವರು, ಒಂದು ಚೀಲ ತುಂಬ ಬದನೆ ತಂದು ನಮ್ಮ ಜಗಲಿಯಲ್ಲಿಟ್ಟು, “ನಮ್ಮ ಗದ್ದೆಯದ್ದೇ, ಸಾಂಬಾರಿಗೆ ಒಳ್ಳೆಯದಾಗುತ್ತದೆ” ಎಂದು ಕುಳಿತುಕೊಂಡರು. ನೀರು ಕುಡಿದರು. ಸೆಕೆಯನ್ನು ಬೈದರು. ನನ್ನ ಮೊಣಕಾಲು ನೋವು ಹೇಗಿದೆ ಎಂದು ವಿಚಾರಿಸಿದರು. ನನಗೆ ಮೊಣಕಾಲು ನೋವು ಉಂಟೆಂದು ಅವರಿಗೆ ಯಾರು ಹೇಳಿದರೋ ದೇವರಿಗೇ ಗೊತ್ತು. ಆಮೇಲೆ ತಲೆಯೆತ್ತಿ ನಮ್ಮ ಮಹಡಿಯ ಕಡೆ ನೋಡಿ, ಸ್ವರ ತಗ್ಗಿಸಿ, ಬಂದ ವಿಷಯಕ್ಕೆ ಬಂದರು.

“ಮಗ ಐಟಿಐ ಮಾಡಿ ಮನೆಯಲ್ಲಿಯೇ ಇದ್ದಾನೆ. ಮೇಲಿನವರಿಗೆ ನೀವು ಒಂದು ಮಾತು ಹೇಳಬೇಕು.”

ಮೇಲಿನವರು ಎಂದರೆ ನಮ್ಮ ಮಹಡಿಯ ಬಾಡಿಗೆಯವರು. ನಮ್ಮ ಮನೆ ಇರುವುದು ಅಲೆವೂರಿನಲ್ಲಿ. ಮಣಿಪಾಲ ಹತ್ತಿರವಾದ್ದರಿಂದ ಬಾಡಿಗೆಗೆ ಜನ ಸಿಗುತ್ತಾರೆ ಎಂದು ನನ್ನ ಹೆಂಡತಿ ಹಟ ಹಿಡಿದು ಮೇಲೊಂದು ಮಹಡಿ ಕಟ್ಟಿಸಿದಳು. ಮೊದಲು ಕಾಲೇಜಿನ ಹುಡುಗರಿದ್ದರು. ಅವರು ಹೋದ ಮೇಲೆ ಉತ್ತರದ ಕಡೆಯ ಒಬ್ಬ ಯುವಕ ಒಬ್ಬನೇ ಬಂದು ನಿಂತ. ಸಭ್ಯ ಮನುಷ್ಯ, ಗಲಾಟೆ ಇಲ್ಲ. ಯಾವ ಕೆಲಸ ಎಂದು ಕೇಳಿದಾಗ ಆನ್‌ಲೈನ್ ಕಂಪನಿ ಎಂದಿದ್ದ. ನಾನು ಅಷ್ಟಕ್ಕೇ ಬಿಟ್ಟಿದ್ದೆ. ಕಾಪುವಿನ ಈಚೆ ಹೆದ್ದಾರಿಯ ಪಕ್ಕದಲ್ಲಿ ಆಕಾಶದಷ್ಟು ದೊಡ್ಡ ತಗಡಿನ ಕಟ್ಟಡವೊಂದು ಏಳುತ್ತಿತ್ತಲ್ಲ, ಅದಕ್ಕೆ ಈತನೇ ಮ್ಯಾನೇಜರು ಎಂದು ನನಗೆ ತಿಳಿದದ್ದು ಊರಿಗೆಲ್ಲ ತಿಳಿದ ಮೇಲೆ. ಪತ್ರಿಕೆಯಲ್ಲಿ ಅದಕ್ಕೆ ವಿತರಣಾ ಕೇಂದ್ರ ಎಂದು ಬರೆದು, ಸ್ಥಳೀಯರಿಗೆ ನೂರಾರು ಉದ್ಯೋಗ ಎಂದು ಹಾಕಿದ್ದರು. ಊರಿನ ಬಾಯಲ್ಲಿ ಅದು ಗೋಡೌನು.

ನನ್ನ ಬಗ್ಗೆ ಒಂದೆರಡು ಮಾತು ಹೇಳದಿದ್ದರೆ ನನಗೆ ಯಾಕೆ ಸಿಟ್ಟು ಬಂತು ಎಂದು ತಿಳಿಯಲಿಕ್ಕಿಲ್ಲ. ನಾನು ಉಡುಪಿಯ ಸರ್ವಿಸ್ ಬಸ್ ನಿಲ್ದಾಣದಲ್ಲಿ ಟೈಮ್ ಕೀಪರ್ ಆಗಿದ್ದವನು. ನಮ್ಮ ಖಾಸಗಿ ಬಸ್ಸುಗಳು ಒಂದರ ಹಿಂದೆ ಒಂದು ನಿಮಿಷಕ್ಕಾಗಿ ಜಗಳಾಡುತ್ತವೆ. ಅವುಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸುವುದು ನನ್ನ ಕೆಲಸ. ಸೀಟಿ ಊದಿದ ಮೇಲೆ ನಿಂತರೆ ಬಸ್ಸಿನ ತಗಡಿಗೆ ಬಡಿಯುತ್ತಿದ್ದೆ, ಡ್ರೈವರನಿಗೆ ಕೇಳುವ ಹಾಗೆ ಬೈಯುತ್ತಿದ್ದೆ. “ಒಂದು ನಿಮಿಷ ನಿಲ್ಲಿಸಿ ಮಾರಾಯ್ರೆ, ನಮ್ಮ ಅತ್ತೆ ಬರುತ್ತಿದ್ದಾರೆ” ಎಂದು ಎಷ್ಟು ಜನ ಕೈ ಮುಗಿದಿದ್ದಾರೋ. ಯಾರ ಅತ್ತೆಗೂ ನಾನು ಬಸ್ಸು ನಿಲ್ಲಿಸಲಿಲ್ಲ. ಒಮ್ಮೆ ನನ್ನ ಅತ್ತೆಗೇ ನಿಲ್ಲಿಸಲಿಲ್ಲ, ಅದರ ಫಲವನ್ನು ಮನೆಯಲ್ಲಿ ಬಹಳ ಕಾಲ ಉಂಡೆ. ಹೆಸರು ಹೇಳಿಕೊಂಡು ಕೆಲಸ ಸಾಧಿಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.

ಆದರೆ ನಮ್ಮ ಜಿಲ್ಲೆ ನಿಂತಿರುವುದೇ ಒಂದು ಮಾತಿನ ಮೇಲೆ. ಮುಂಬಯಿಯ ಹೋಟೆಲಿಗೆ ಹೋಗುವವನಿಗೆ ಊರಿನವರ ಒಂದು ಮಾತು ಬೇಕು, ಬ್ಯಾಂಕಿನ ಜವಾನನಾಗಲು ಒಂದು ಮಾತು, ಕಾಲೇಜಿನ ಸೀಟಿಗೆ ಒಂದು ಮಾತು. ಹೆಣ್ಣು ನೋಡಲು ಹೋದರೂ ಮೊದಲು ಒಂದು ಮಾತು ಹೋಗಿರುತ್ತದೆ. ಯಾರೂ ಹೇಳದೆ, ಯಾರನ್ನೂ ಕೇಳದೆ ಸಿಗುವ ಕೆಲಸವೂ ಉಂಟು ಎಂದರೆ ಎತ್ತು ಈಯಿತು ಎಂದಂತೆ ನಗುತ್ತಾರೆ.

ಗುಳ್ಳದ ಹಿಂದೆ ಹಲಸು ಬಂತು, ಹಪ್ಪಳ ಬಂತು, ಶಂಕರಪುರದಿಂದ ಮಲ್ಲಿಗೆ ಬಂತು. ನನ್ನ ಹೆಂಡತಿ ದಿನಾ ತಲೆ ತುಂಬ ಹೂ ಮುಡಿದು ಓಡಾಡತೊಡಗಿದಳು. ನನಗೆ ತಲೆ ಚಿಟ್ಟು ಹಿಡಿಯಿತು. ಸ್ನಾನಕ್ಕೆ ಹೋದರೆ ಜಗಲಿಯಲ್ಲಿ ಜನ, ಊಟಕ್ಕೆ ಕುಳಿತರೆ ಗೇಟಿನ ಸದ್ದು. ಇಷ್ಟಕ್ಕೂ ಆ ಯುವಕನಿಗೂ ನನಗೂ ಇದ್ದ ಮಾತುಕತೆ ಎಂದರೆ ಟಾಂಕಿಯ ನೀರು, ಬೈಕು ನಿಲ್ಲಿಸುವ ಜಾಗ, ಅಷ್ಟೇ.

ಕೊನೆಗೆ ಒಂದು ಬೆಳಿಗ್ಗೆ ಟಾಂಕಿ ತುಂಬಿ ಚೆಲ್ಲುತ್ತಿತ್ತೆಂದು ಮೇಲೆ ಹತ್ತಿದವನು, ಅಲ್ಲೇ ಹಲ್ಲುಜ್ಜುತ್ತಿದ್ದ ಅವನನ್ನು ಕೇಳಿಯೇ ಬಿಟ್ಟೆ. ಮುಂಬಯಿ ಬಸ್ಸುಗಳ ದೆಸೆಯಿಂದ ನನಗೆ ಹಿಂದಿ ಬರುತ್ತದೆ. ನಿಮ್ಮ ಗೋಡೌನಿಗೆ ಸೇರಲು ಯಾರದ್ದಾದರೂ ಶಿಫಾರಸು ಬೇಕೇ ಎಂದೆ. ಅವನು ಬಾಯಿ ತೊಳೆದುಕೊಂಡು ನಕ್ಕ.

“ಎಂಥ ಶಿಫಾರಸು ಅಂಕಲ್? ಗೇಟಿನ ಹತ್ತಿರ ಏಜೆನ್ಸಿಯವರು ಶೆಡ್ಡು ಹಾಕಿ ಕುಳಿತಿದ್ದಾರೆ. ಆಧಾರ್ ಕಾರ್ಡು ಹಿಡಿದುಕೊಂಡು ಬಂದರೆ ಸಾಕು, ಮರುದಿನ ಕೆಲಸ. ಆದರೆ ನಿಮ್ಮ ಊರಿನವರು ಬರುವುದೇ ಇಲ್ಲ. ನಾವು ಹೊರಗಿನಿಂದ ವ್ಯಾನಿನಲ್ಲಿ ಜನ ತರಿಸುತ್ತಿದ್ದೇವೆ.”

ಬರುವುದಿಲ್ಲವಂತೆ! ನನ್ನ ಜಗಲಿಯಲ್ಲಿ ಕಾಲಿಡಲು ಜಾಗವಿಲ್ಲ, ಅವನ ಗೇಟಿನಲ್ಲಿ ನೊಣವಿಲ್ಲ.

ನಾನು ಕೆಳಗಿಳಿಯಲು ತಿರುಗಿದಾಗ ಅವನು ಮತ್ತೆ ಕರೆದ. “ಅಂಕಲ್, ನಿಮಗೆ ಚೆನ್ನಾಗಿ ಗೊತ್ತಿರುವವರು, ನಂಬಿಕೆಯವರು ಯಾರಾದರೂ ಇದ್ದರೆ ನನಗೆ ಹೇಳಿ.”

ಆ ಕ್ಷಣಕ್ಕೆ ನನ್ನ ಕಣ್ಣ ಮುಂದೆ ಬಂದದ್ದು ನನ್ನ ತಂಗಿಯ ಮಗಳು. ಉಡುಪಿಯ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ತೋರಿಸುವ ಕೆಲಸದಲ್ಲಿದ್ದವಳು. ಜನರೆಲ್ಲ ಮೊಬೈಲಿನಲ್ಲೇ ಬಟ್ಟೆ ತರಿಸಿಕೊಳ್ಳುತ್ತಾರೆಂದು ಅಂಗಡಿ ಮುಚ್ಚಿ ಆಗಷ್ಟೇ ಕೆಲಸ ಹೋಗಿತ್ತು. ಬಾಯಿಯ ತುದಿಗೆ ಬಂದದ್ದನ್ನು ನಾನು ನುಂಗಿಕೊಂಡೆ. ದಿನಾ ಬೆಳಿಗ್ಗೆ ಎದ್ದು ಕಂಡವರಿಗೆಲ್ಲ ಮಾತು ಹೇಳುವುದಿಲ್ಲ, ಹೇಳುವುದಿಲ್ಲ ಎಂದು ಗದರಿಸಿ ಕಳಿಸುತ್ತಿದ್ದವನು ನಾನು. ಈಗ ನನ್ನ ತಂಗಿಯ ಮಗಳದ್ದೇ ಹೆಸರು ಹೇಳಿದರೆ ಮಟ್ಟುವಿನವರ ಗುಳ್ಳಕ್ಕೂ ನನಗೂ ಏನು ವ್ಯತ್ಯಾಸ?

“ನನ್ನ ಕಡೆಯವರು ಯಾರೂ ಇಲ್ಲ,” ಎಂದೆ. “ನಾನು ಹಾಗೆಲ್ಲ ಹೇಳುವವನೂ ಅಲ್ಲ.”

ಅವನು ಆಯಿತು ಎಂಬಂತೆ ತಲೆಯಾಡಿಸಿದ. ನಾನು ಎದೆಯುಬ್ಬಿಸಿಕೊಂಡೇ ಮೆಟ್ಟಿಲಿಳಿದೆ. ಹೆಂಡತಿಗೆ ಹೇಳಿದಾಗ ಅವಳು “ಹೌದಾ” ಎಂದು ಅಕ್ಕಿ ತೊಳೆಯಲು ಹೋದಳು.

ಅಂದಿನಿಂದ ಬಂದವರಿಗೆಲ್ಲ ನಾನು ಒಂದೇ ಉತ್ತರ ಕೊಟ್ಟೆ. ಗೇಟಿಗೆ ಹೋಗಿ, ಆಧಾರ್ ಕೊಡಿ, ಮರುದಿನ ಕೆಲಸ. ಯಾರೂ ನಂಬಲಿಲ್ಲ. ಕೆಲವರು ನನ್ನ ಮುಖವನ್ನೇ ನೋಡಿದರು. ಕೆಲವರು ಚೀಲ ತೆಗೆದುಕೊಂಡು ಹೋದರು. “ದೇವರು ವರ ಕೊಟ್ಟರೂ ಪೂಜಾರಿ ಕೊಡ” ಎಂದು ಗೇಟು ದಾಟುವಾಗ ಒಬ್ಬರು ನನಗೆ ಕೇಳುವ ಹಾಗೆಯೇ ಹೇಳಿದರು. ಮಟ್ಟುವಿನವರು ಮಾತ್ರ ಸಮಾಧಾನದಿಂದ ನನಗೇ ಬುದ್ಧಿ ಹೇಳಿದರು.

“ಹಾಗಲ್ಲ ಇವರೇ. ಕೇಳದೆ ಕೊಟ್ಟ ಕೆಲಸವನ್ನು ಹೇಳದೆ ತೆಗೆಯುತ್ತಾರೆ. ನಾಳೆ ಏನಾದರೂ ಆದರೆ ಕೇಳಲಿಕ್ಕೆ ಒಬ್ಬರು ಬೇಕಲ್ವಾ?”

ಇಂಥವರ ಹತ್ತಿರ ಎಂತ ಮಾತಾಡುವುದು? ನಾನು ಒಳಗೆ ಹೋಗಿ ಫ್ಯಾನು ಜೋರು ಮಾಡಿ ಮಲಗಿದೆ.

ನನ್ನ ಮಾತನ್ನು ಕೇಳಿದ್ದು ಒಬ್ಬಳೇ, ಅದೂ ನಾನು ಅವಳಿಗೆ ಹೇಳಿದ್ದಲ್ಲ. ನಮ್ಮಲ್ಲಿ ಪಾತ್ರೆ ತೊಳೆದು ನೆಲ ಒರೆಸಲು ಬರುತ್ತಿದ್ದವಳು ಬಾಗಲಕೋಟೆ ಕಡೆಯವಳು. ಗಂಡ ಮಣಿಪಾಲದ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ನಾನು ಜಗಲಿಯಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದುದನ್ನು ಅವಳು ನೆಲ ಒರೆಸುತ್ತ ಕೇಳಿಸಿಕೊಂಡಿರಬೇಕು. ಒಂದು ದಿನ ಬಂದು ಹೆಂಡತಿಯ ಹತ್ತಿರ, “ಅಕ್ಕಾರ, ನಾಳಿಂದ ನಾ ಬರೂದಿಲ್ರಿ. ಗೋಡೌನಿಗೆ ಸೇರೀನ್ರಿ” ಎಂದಳು.

“ಯಾರು ಹೇಳಿದ್ದು ನಿನಗೆ?” ಎಂದು ಹೆಂಡತಿ.

“ಯಾರ್ ಹೇಳ್ಬೇಕ್ರಿ? ಹೋಗಿ ಗೇಟಿನ್ಯಾಗ ನಿಂತೆ, ಕಾರ್ಡ್ ನೋಡಿದ್ರು, ತಗೊಂಡ್ರು.”

ನೋಡು, ನೋಡು ಎಂದು ನಾನು ಕುಣಿದೆ. ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಪಾತ್ರೆಗಳ ರಾಶಿಯ ಮುಂದೆ ಕುಳಿತು, ಕುಣಿದದ್ದು ಸಾಕು, ಚೊಂಬು ಕೊಡಿ ಎಂದಳು. ಹೀಗೆ ನಮ್ಮ ಊರಿನಲ್ಲಿ ಸೃಷ್ಟಿಯಾದ ಮೊದಲ ಉದ್ಯೋಗದಿಂದ ಪಾತ್ರೆ ಒರೆಸುವ ಕೆಲಸ ನನ್ನ ಪಾಲಿಗೆ ಬಂತು.

ಇಷ್ಟರ ಮಧ್ಯೆ ತಂಗಿಯ ಮಗಳು ಬಂದಳು. ಮಳೆ ಹಿಡಿದಿತ್ತು. ಕೊಡೆಯನ್ನು ಹೊರಗೇ ಒರಗಿಸಿ, ಒದ್ದೆಕಾಲಿನಲ್ಲಿ ಒಳಗೆ ಬಾರದೆ ಬಾಗಿಲಲ್ಲೇ ನಿಂತಳು. ಅವಳ ವಿಷಯ ಇಷ್ಟು: ಗಂಡನ ಜೊತೆ ಆಗದೆ ಮಗಳನ್ನು ಕರೆದುಕೊಂಡು ಕಾರ್ಕಳದಲ್ಲಿ ತಾಯಿಯ ಮನೆಗೆ ಬಂದಿದ್ದಳು. ಆ ಮನೆ ಈಗ ನಡೆಯುವುದು ತಮ್ಮನ ಹೆಂಡತಿಯ ಕೈಯಲ್ಲಿ. ಆ ಹುಡುಗಿ ಕೆಟ್ಟವಳೇನಲ್ಲ, ಆದರೆ ಅನ್ನ ಬಡಿಸುವಾಗ ಪಾತ್ರೆಯ ಸದ್ದು ಬೇರೆಯೇ ಕೇಳುತ್ತದಂತೆ. ಕಾಪುವಿನಲ್ಲಿ ಲೈಟ್‌ಹೌಸಿಗೆ ಹೋಗುವ ದಾರಿಯಲ್ಲಿ ಎರಡು ಕೋಣೆಯ ಒಂದು ಬಾಡಿಗೆ ಮನೆ ನೋಡಿಟ್ಟಿದ್ದಳು. ಕೆಲಸ ಸಿಕ್ಕರೆ ಅಲ್ಲಿ, ಇಲ್ಲದಿದ್ದರೆ ಕಾರ್ಕಳದ ಆ ಅಡುಗೆಮನೆಯಲ್ಲಿ. ಬೇರೆ ದಾರಿ ಅವಳಿಗಿರಲಿಲ್ಲ.

“ಗೋಡೌನಿಗೆ ಜನ ತೆಗೆದುಕೊಳ್ಳುತ್ತಾರಂತೆ ಅಲ್ವಾ ಮಾಮ,” ಎಂದಳು.

“ಹೌದು. ಗೇಟಿಗೆ ಹೋಗು. ಆಧಾರ್ ತೆಗೆದುಕೊಂಡು ಹೋಗು. ನಾಳೆಯೇ ಹೋಗು.”

“ನೀವು...”

“ನಾನು ಎಂತ? ಯಾರೂ ಹೇಳುವುದು ಬೇಡ. ಹೋದರೆ ಸಿಗುತ್ತದೆ.”

ಅವಳು ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು. ಬಸ್ಸು ಹೊರಟ ಮೇಲೆ ಓಡಿ ಬಂದವರು ನನ್ನನ್ನು ಹಾಗೆ ನೋಡುತ್ತಿದ್ದುದು ನೆನಪಾಯಿತು. ಚಹಾ ಕುಡಿದು, ನನ್ನ ಹೆಂಡತಿಯ ಹತ್ತಿರ ಏನೋ ಎರಡು ಮಾತಾಡಿ, ಕೊಡೆ ಬಿಡಿಸಿ ಹೋದಳು. ಗೇಟಿಗೆ ಹೋಗಲಿಲ್ಲ.

ಅಂದು ಸಂಜೆಯೇ ತಂಗಿಯ ಫೋನು. ನಾವು ಮನೆಯಲ್ಲಿ ಆಡುವುದು ತುಳು. ತುಳುವಿನಲ್ಲಿ ಬೈದರೆ ಎಷ್ಟು ನಾಟುತ್ತದೆಂದು ಕನ್ನಡದಲ್ಲಿ ಬರೆದು ತೋರಿಸಲಾಗದು. “ಅಣ್ಣ, ನಿನ್ನ ಹತ್ತಿರ ನಾನು ಆಸ್ತಿ ಕೇಳಿದೆನಾ? ದುಡ್ಡು ಕೇಳಿದೆನಾ? ಒಂದು ಮಾತು. ಮೆಟ್ಟಿಲು ಹತ್ತಿ ಒಂದು ಮಾತು ಹೇಳಲಿಕ್ಕೆ ನಿನಗೆ ಎಂತ ಸಂಕಟ?” ಎಂದಳು. ಅಗತ್ಯವಿಲ್ಲ ಎಂದೆ. “ಅಗತ್ಯ ಇಲ್ಲದಿದ್ದರೆ ಹೇಳಲಿಕ್ಕೆ ಸುಲಭವೇ ಆಯಿತಲ್ಲ” ಎಂದಳು. ನಾನು ಜೋರಾಗಿ ಕೂಗಿ ಫೋನಿಟ್ಟೆ.

ನಮ್ಮಲ್ಲಿ ಸೋದರಮಾವ ಎಂಬುದು ಸಂಬಂಧಕ್ಕಿಂತ ಹೆಚ್ಚಾಗಿ ಒಂದು ಹುದ್ದೆ. ಆಸ್ತಿ ಮಾವನಿಂದ ತಂಗಿಯ ಮಕ್ಕಳಿಗೆ ಹೋಗುತ್ತಿದ್ದ ಅಳಿಯಕಟ್ಟಿನ ಕಾಲ ಹೋಯಿತು, ಆಸ್ತಿ ಪಾಲಾಗಿ ಎಲ್ಲರೂ ಬೇರೆ ಬೇರೆಯಾದೆವು. ಆದರೂ ತಂಗಿಯ ಮಕ್ಕಳಿಗೆ ಏನಾದರೂ ಆಗಬೇಕೆಂದರೆ ಜನ ತಿರುಗಿ ನೋಡುವುದು ಮಾವನನ್ನೇ. ಊರಿನವರೆಲ್ಲ ಗುಳ್ಳ ಹಿಡಿದು ನಿಲ್ಲುವ ಮನೆಯಲ್ಲಿ ಸ್ವಂತ ಸೊಸೆಯಂಥವಳಿಗೆ ಕೆಲಸವಿಲ್ಲ ಎಂದರೆ ಅದು ನನ್ನ ಮರ್ಯಾದೆಯ ಪ್ರಶ್ನೆಯಂತೆ. ಸತ್ಯ ಹೇಳಿದ್ದೇ ನನ್ನ ತಪ್ಪಾಯಿತು. ನನಗೆ ಮೈಯೆಲ್ಲ ಉರಿಯಿತು.

ಸೋಮವಾರ ಅವಳು ಗೇಟಿಗೆ ಹೋದಳು. ಮಂಗಳವಾರ ಕೆಲಸಕ್ಕೆ ಸೇರಿದಳು. ನಾನು ಹೇಳಿದ್ದು ಅಕ್ಷರಶಃ ನಿಜವಾಯಿತು ಎಂದು ಹಿಗ್ಗಿ ಕುಳಿತಿದ್ದೆ. ಆ ವಾರವೇ ಅವಳು ಒಂದು ಪೊಟ್ಟಣ ಸಿಹಿ, ಒಂದು ಚೆಂಡು ಮಲ್ಲಿಗೆ ತೆಗೆದುಕೊಂಡು ಬಂದು, ಮಳೆಗಾಲದಲ್ಲಿ ಮಲ್ಲಿಗೆಯ ದರ ಎಷ್ಟಿರುತ್ತದೆಂದು ನಮಗೆಲ್ಲ ಗೊತ್ತು, ನನ್ನ ಕಾಲು ಮುಟ್ಟಿದಳು.

“ನೀವು ಹೇಳಿದ್ದರಿಂದ ಆಯಿತು ಮಾಮ.”

“ನಾನು ಎಂತ ಹೇಳಿದೆ? ಗೇಟಿಗೆ ಹೋಗು ಅಂತ ಹೇಳಿದೆ.”

ಅವಳು ನಕ್ಕು ಅತ್ತೆಯ ಕಡೆ ನೋಡಿದಳು. ಅತ್ತೆ, ಅಂದರೆ ನನ್ನ ಹೆಂಡತಿ, ಸಿಹಿಯ ಪೊಟ್ಟಣ ಬಿಚ್ಚುವುದರಲ್ಲಿ ಬಹಳ ಮಗ್ನಳಾಗಿದ್ದಳು.

ಅವಳು ಹೋದ ಮೇಲೆ ವಿಷಯ ಹೊರಬಿತ್ತು. ಭಾನುವಾರ ಹೆಂಡತಿಯೇ ಫೋನು ಮಾಡಿ, “ಮಾಮ ಮೇಲಿನವರ ಹತ್ತಿರ ಮಾತಾಡಿದ್ದಾರೆ, ನೀನು ನಾಳೆ ಹೋಗು” ಎಂದಿದ್ದಳು. ನಾನು ಹಾರಾಡಿದೆ. ಸುಳ್ಳು ಯಾಕೆ ಹೇಳಿದ್ದು ಎಂದು ಕೇಳಿದೆ.

“ಸುಳ್ಳು ಎಂತದ್ದು? ನೀವು ಅವರ ಹತ್ತಿರ ಮಾತಾಡುವುದಿಲ್ಲವಾ? ಮೊನ್ನೆ ಟಾಂಕಿ ವಿಷಯ ಮಾತಾಡಿದ್ದು ಯಾರು? ನಿಮ್ಮ ಸತ್ಯ ಕೇಳಿ ಅವಳು ಮನೆಯಲ್ಲಿ ಕುಳಿತಿದ್ದಳು. ನನ್ನ ಸುಳ್ಳು ಕೇಳಿ ಕೆಲಸಕ್ಕೆ ಹೋದಳು. ಯಾವುದು ಒಳ್ಳೆಯದು ಹೇಳಿ.”

ಅವಳನ್ನು ಮಾತಿನಲ್ಲಿ ಗೆದ್ದವರಿಲ್ಲ. ಆಮೇಲೆ ಅವಳು ನಿಲ್ಲಿಸಲೂ ಇಲ್ಲ. ಬಂದವರಿಗೆಲ್ಲ ಅಡುಗೆಮನೆಯ ಕಿಟಕಿಯಿಂದಲೇ, “ಇವರು ಮಾತಾಡಿದ್ದಾರೆ, ನಾಳೆ ಹೋಗಿ” ಎಂದು ಕಳಿಸತೊಡಗಿದಳು. ಹೋದವರಿಗೆಲ್ಲ ಕೆಲಸ ಸಿಕ್ಕಿತು. ಮಟ್ಟುವಿನವರ ಮಗನಿಗೂ ಸಿಕ್ಕಿತು. ಹಬ್ಬಗಳ ಮಾರಾಟ ಹತ್ತಿರ ಬರುತ್ತಿತ್ತು, ಗೋಡೌನಿಗೆ ಜನ ಸಾಲುತ್ತಿರಲಿಲ್ಲ, ಯಾರು ಬಂದರೂ ತೆಗೆದುಕೊಳ್ಳುತ್ತಿದ್ದರು. ಈ ಸತ್ಯವನ್ನು ನಾನು ಬಾಯಿ ಬಿಟ್ಟು ಹೇಳಿದಷ್ಟೂ, ಎಷ್ಟು ದೊಡ್ಡ ಮನುಷ್ಯ ನೋಡಿ, ಉಪಕಾರ ಮಾಡಿಯೂ ಹೇಳಿಕೊಳ್ಳುವುದಿಲ್ಲ ಎಂದು ಜನ ಹೊಗಳಿದರು. ಮದುವೆಗೆ ಹೋದರೆ ಮೊದಲ ಪಂಕ್ತಿಯಲ್ಲಿ ಕೈ ಹಿಡಿದು ಕೂರಿಸಿದರು. ಸಿಟಿ ಬಸ್ಸಿನಲ್ಲಿ ಎದ್ದು ಸೀಟು ಕೊಟ್ಟರು. ಜೀವಮಾನವಿಡೀ ಒಬ್ಬರಿಗೂ ಬಸ್ಸು ನಿಲ್ಲಿಸದವನಿಗೆ ಈ ಗೌರವ! ಬೈಸಿಕೊಂಡು ಅಭ್ಯಾಸವಿದ್ದ ನನಗೆ ಹೊಗಳಿಸಿಕೊಳ್ಳುವುದು ಮಹಾ ಹಿಂಸೆಯಾಯಿತು.

ತಂಗಿಯ ಮಗಳು ರಜೆಯ ದಿನ ಬಂದು ಹೋಗುತ್ತಿದ್ದಳು. ಕೈಯಲ್ಲೊಂದು ಸ್ಕ್ಯಾನರು ಹಿಡಿದು, ಅದು ತೋರಿಸಿದ ಕಪಾಟಿನಿಂದ ಅದು ತೋರಿಸಿದ ಸಾಮಾನು ತೆಗೆದು ಡಬ್ಬಕ್ಕೆ ಹಾಕುವುದು ಅವಳ ಕೆಲಸ. ದಿನವಿಡೀ ನಡೆಯುವುದೇ. ಮೊದಲ ವಾರ ಕಾಲು ಊದಿ ಬಿಸಿನೀರಿನಲ್ಲಿ ಇಟ್ಟುಕೊಂಡು ಕುಳಿತಿದ್ದಳಂತೆ. ಸೀರೆ ಅಂಗಡಿಯಲ್ಲಿ ನಿಂತು ನಿಂತು ನೋವು, ಇಲ್ಲಿ ನಡೆದು ನಡೆದು ನೋವು, ನೋವಿನ ಜಾಗ ಬದಲಾಗಿದೆ ಎಂದು ನಗುತ್ತಿದ್ದಳು. ಒಂದು ಚೂಡಿದಾರ ಡಬ್ಬಕ್ಕೆ ಹಾಕುವಾಗ ಬಟ್ಟೆ ಬೆರಳಿಗೆ ಸಿಕ್ಕರೆ, ಇದು ಮೂರು ಒಗೆತಕ್ಕೆ ಬಣ್ಣ ಬಿಡುತ್ತದೆ ಎಂದು ಯಾರಿಗಾದರೂ ಹೇಳಬೇಕೆನಿಸುತ್ತದಂತೆ. ಹೇಳಲು ಅಲ್ಲಿ ಯಾರೂ ಇಲ್ಲ.

“ಆದರೆ ಒಂದು ಸುಖ ಉಂಟು ಮಾಮ. ಅಲ್ಲಿ ಯಾರೂ ಗಂಡ ಎಲ್ಲಿ ಅಂತ ಕೇಳುವುದಿಲ್ಲ.”

ಕಾಪುವಿನ ಮನೆಯಲ್ಲಿ ಅವಳು ಹಾಲು ಉಕ್ಕಿಸಿದ ದಿನ ನಾವೂ ಹೋಗಿದ್ದೆವು. ಕೋಣೆಗಳು ಸಣ್ಣವು, ಗೋಡೆಗೆ ಉಪ್ಪುಗಾಳಿ ಹಿಡಿದು ಸುಣ್ಣ ಎದ್ದಿತ್ತು. ಮಗಳಿಗೆ ಹತ್ತಿರದ ಶಾಲೆಯಲ್ಲಿ ಜಾಗವಾಗಿತ್ತು. ಅಡುಗೆಮನೆಯಲ್ಲಿ ಹೊಸ ಕುಕ್ಕರು, ನಾಲ್ಕೇ ತಟ್ಟೆ. ಅವಳು ನಮಗೆ ಅನ್ನ ಬಡಿಸಿದಳು, ಸಾರು ಬಡಿಸಿದಳು, ಬೇಡವೆಂದರೂ ಇನ್ನೊಂದು ಸೌಟು ಹಾಕಿದಳು. ಅವಳ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಅವಳ ಮದುವೆಯ ದಿನವೂ ಕಂಡಿರಲಿಲ್ಲ. ನನಗೆ ಸಂತೋಷವಾಯಿತು, ಅದನ್ನು ಯಾಕೆ ಮುಚ್ಚಿಡಲಿ? ಬಸ್ಸಿನಲ್ಲಿ ಬರುವಾಗ ಹೆಂಡತಿ ನನ್ನನ್ನು ನೋಡಿ ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದರೆ ಗೆದ್ದಳೆಂದು ಅರ್ಥ.

ದೀಪಾವಳಿ ಮುಗಿದು ಕೆಲವೇ ದಿನ. ಬೆಳಿಗ್ಗೆ ನಾನು ಬಾಗಿಲು ತೆಗೆದರೆ ತಂಗಿಯ ಮಗಳು ಮೆಟ್ಟಿಲ ಮೇಲೆ ಕುಳಿತಿದ್ದಳು. ಕುತ್ತಿಗೆಯಲ್ಲಿ ಕಂಪನಿಯ ಕಾರ್ಡು ಇನ್ನೂ ನೇತಾಡುತ್ತಿತ್ತು. ಮೊಬೈಲು ನನ್ನ ಕೈಗೆ ಕೊಟ್ಟಳು. ಇಂಗ್ಲಿಷಿನಲ್ಲಿ ಎರಡು ಸಾಲು. ನಿಮ್ಮ ಸೇವೆ ಮುಗಿದಿದೆ, ಧನ್ಯವಾದ. ಯಾಕೆ ಎಂದಿರಲಿಲ್ಲ, ಯಾರು ಎಂದೂ ಇರಲಿಲ್ಲ. ಮೆಸೇಜು ತಪ್ಪಿ ಬಂದಿರಬೇಕೆಂದು ಎಂದಿನಂತೆ ನಸುಕಿನ ಶಿಫ್ಟಿಗೆ ಗೇಟಿಗೆ ಹೋದಳಂತೆ. ಕಾರ್ಡು ಒತ್ತಿದರೆ ಕೆಂಪು ದೀಪ ಬಂತಂತೆ. ಏಜೆನ್ಸಿಯ ಶೆಡ್ಡು ಇದ್ದ ಜಾಗದಲ್ಲಿ ಶೆಡ್ಡೇ ಇರಲಿಲ್ಲವಂತೆ.

“ಹಬ್ಬದ ಸೀಸನ್ ಮುಗಿಯಿತಂತೆ ಮಾಮ. ಮಳೆಗಾಲದಲ್ಲಿ ಸೇರಿದ ನಮ್ಮನ್ನೆಲ್ಲ ತೆಗೆದಿದ್ದಾರೆ,” ಎಂದಳು. ಅತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. “ನೀವೇ ಮಾತಾಡಿ ಸೇರಿಸಿದ್ದಲ್ವಾ? ಇನ್ನೊಂದು ಸಲ ಒಂದು ಮಾತು ಹೇಳಿ. ಮನೆ ಬಿಡುವುದು ಬೇಡ ಅಂತ ಉಂಟು. ಮಗಳು ಈಗಷ್ಟೇ ಆ ಶಾಲೆಗೆ ಹೊಂದಿಕೊಂಡಿದ್ದಾಳೆ.”

ಒಳಗಿನಿಂದ ಹೆಂಡತಿ ಬಂದು ಬಾಗಿಲಿಗೆ ಒರಗಿ ನಿಂತಳು. ನಾನು ಅವಳ ಕಡೆ ತಿರುಗಿ, “ಹೇಳು. ಈಗ ಹೇಳು,” ಎಂದೆ. ಅವಳು ಕಣ್ಣು ತಗ್ಗಿಸಿದಳು. ಅಷ್ಟು ವರ್ಷದ ಸಂಸಾರದಲ್ಲಿ ಅವಳಿಗೆ ಮಾತು ಸಿಗದೆ ಹೋದದ್ದನ್ನು ನಾನು ಆಗಲೇ ನೋಡಿದ್ದು. ಗೆದ್ದೆ ಎಂದು ಅನಿಸಲಿಲ್ಲ.

ಹಾಗಾಗಿ ನಾನೇ ಹೇಳಿದೆ. ನಾನು ಯಾರ ಹತ್ತಿರವೂ ಮಾತಾಡಿರಲಿಲ್ಲ ಎಂದೆ. ಅತ್ತೆ ನಿನಗೆ ಧೈರ್ಯ ಬರಲೆಂದು ಹಾಗೆ ಹೇಳಿದ್ದು, ಕೆಲಸ ಯಾರಿಗೆ ಬೇಕಾದರೂ ಸಿಗುತ್ತಿತ್ತು, ನಾನು ಆಗಲೇ ಹೇಳಿದ್ದೆನಲ್ಲ ಎಂದೆ. ಕೊನೆಯ 'ಆಗಲೇ ಹೇಳಿದ್ದೆನಲ್ಲ' ಬೇಡವಿತ್ತು, ಅಭ್ಯಾಸಬಲದಿಂದ ಬಂತು.

ಅವಳು ಅತ್ತೆಯನ್ನು ನೋಡಿದಳು, ನನ್ನನ್ನು ನೋಡಿದಳು. ಸಿಟ್ಟು ಮಾಡುತ್ತಾಳೆಂದುಕೊಂಡೆ.

“ಹಾಗಾದರೆ ನಿಮ್ಮ ಮಾತು ಇನ್ನೂ ಬಾಕಿ ಉಂಟಲ್ಲ ಮಾಮ,” ಎಂದಳು. “ಈಗ ಹೇಳಿ.”

ನಾನು ಮೆಟ್ಟಿಲು ಹತ್ತಿದೆ. ಮೊಣಕಾಲು ನೋಯುತ್ತಿತ್ತು. ಬಾಗಿಲು ಬಡಿದಾಗ ಅವನು ಷೂ ಹಾಕಿಕೊಳ್ಳುತ್ತ ತೆಗೆದ, ನೀರಿಲ್ಲವಾ ಅಂಕಲ್ ಎಂದ. ನೀರಲ್ಲ ಎಂದೆ. ಜೀವನದಲ್ಲಿ ಮೊದಲ ಸಲ ಒಬ್ಬರ ಮುಂದೆ ಇನ್ನೊಬ್ಬರಿಗಾಗಿ ನಿಂತು, ನನ್ನ ತಂಗಿಯ ಮಗಳು, ನಿಮ್ಮಲ್ಲಿ ಕೆಲಸಕ್ಕಿದ್ದಳು, ಅವಳನ್ನು ಹೇಗಾದರೂ ಉಳಿಸಿಕೊಳ್ಳಬೇಕು ಎಂದೆ. ಕೈ ಮುಗಿದಿದ್ದೆನೋ ಏನೋ, ಅವನು ನನ್ನ ಕೈ ಹಿಡಿದುಕೊಂಡ.

“ಅಂಕಲ್, ನಿಮ್ಮ ತಂಗಿಯ ಮಗಳು ಅಲ್ಲಿದ್ದಳಾ? ನನಗೆ ಗೊತ್ತೇ ಇರಲಿಲ್ಲ. ಅವರೆಲ್ಲ ಏಜೆನ್ಸಿಯವರ ಜನ, ಸೀಸನ್ ಮುಗಿದ ಕೂಡಲೇ ಪಟ್ಟಿಯಿಂದ ಹೋಗುತ್ತಾರೆ. ಅದು ನನ್ನ ಕೈಯಲ್ಲಿಲ್ಲ.” ನನ್ನ ಕೈ ಬಿಟ್ಟು ಮುಂದುವರಿಸಿದ. “ಆದರೆ ನಾನು ಆಗಲೇ ನಿಮ್ಮನ್ನು ಕೇಳಿದ್ದೆನಲ್ಲ, ಟಾಂಕಿ ಹತ್ತಿರ? ಹೆಂಗಸರ ಶಿಫ್ಟು ನೋಡಿಕೊಳ್ಳಲಿಕ್ಕೆ ಊರಿನ ಭಾಷೆ ಬರುವ ಒಬ್ಬರು ಬೇಕಿತ್ತು. ಕಂಪನಿಯದ್ದೇ ಖಾಯಂ ಕೆಲಸ. ಅದನ್ನು ಮಾತ್ರ ನಾನೇ ಆರಿಸಬಹುದಿತ್ತು. ನೀವು ಯಾರೂ ಇಲ್ಲ ಎಂದಿರಿ. ಆಮೇಲೆ ಮಂಗಳೂರಿನವರೊಬ್ಬರನ್ನು ತೆಗೆದುಕೊಂಡೆವು.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದಿದ್ದರೂ ಹೋಗುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಅವನು ಇನ್ನೂ ಏನೋ ಹೇಳುತ್ತಿದ್ದ, ಮುಂದಿನ ಸೀಸನ್ನಿಗೆ ನೋಡೋಣ ಎಂದ, ಚಹಾ ಕುಡಿಯಿರಿ ಎಂದ. ನಾನು ಗೋಡೆ ಹಿಡಿದುಕೊಂಡು ಇಳಿದೆ.

ಅವಳು ಕೆಳಗಿನ ಮೆಟ್ಟಿಲಲ್ಲೇ ನಿಂತಿದ್ದಳು. “ಮಾತಾಡಿದಿರಾ ಮಾಮ?”

“ಮಾತಾಡಿದೆ.”

“ಎಂತ ಹೇಳಿದರು?”

ಸುಳ್ಳು ಹೇಳಬಹುದಿತ್ತು, ನಮ್ಮ ಮನೆಯಲ್ಲಿ ಅದಕ್ಕೆ ಆಗಲೇ ದಾರಿಯಾಗಿತ್ತು. ನನಗೆ ಬರಲಿಲ್ಲ. ಟಾಂಕಿಯ ಹತ್ತಿರ ಅವನು ಕೇಳಿದ್ದನ್ನು ಹೇಳಿದೆ, ನಾನು ಯಾರೂ ಇಲ್ಲ ಎಂದದ್ದನ್ನೂ ಹೇಳಿದೆ.

ಅವಳು ಕುತ್ತಿಗೆಯಿಂದ ಕಾರ್ಡು ತೆಗೆದು, ದಾರವನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡಿಸಿದಳು. “ಆಗ ನನ್ನ ನೆನಪಾಗಲಿಲ್ಲವಾ ಮಾಮ ನಿಮಗೆ?” ಎಂದು ಕೇಳಿದಳು. ಬೈಗುಳವಿರಲಿಲ್ಲ ಅದರಲ್ಲಿ, ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದಳು.

ನೆನಪಾಗಿತ್ತು. ನೆನಪಾದದ್ದೇ ಮೊದಲು ನೀನು, ಅದಕ್ಕೇ ಇಲ್ಲ ಎಂದದ್ದು ಎಂದು ಅವಳಿಗೆ ಹೇಗೆ ಹೇಳುವುದು? ಹೆಂಡತಿ ಒಳಗೆ ಹೋದಳು, ಒಲೆಯ ಮೇಲೆ ಏನೋ ಉಕ್ಕುತ್ತಿತ್ತು.

ಅವಳು ಕಾರ್ಡನ್ನು ಚೀಲದೊಳಗೆ ಹಾಕಿ ಜಿಪ್ಪು ಎಳೆದಳು. ಸೀರೆಯ ನೆರಿಗೆ ಸರಿಮಾಡಿಕೊಂಡಳು.

“ಅಮ್ಮನಿಗೆ ಹೇಳಿ ಬರಬೇಕು. ಕಾರ್ಕಳಕ್ಕೆ ಈಗ ಬಸ್ಸು ಎಷ್ಟು ಹೊತ್ತಿಗೆ ಮಾಮ?”

ಅದೊಂದು ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಉತ್ತರ ಇತ್ತು. ಹೇಳಿದೆ. ತಡಮಾಡಿದರೆ ತಪ್ಪುತ್ತದೆ, ಅವರು ಯಾರಿಗೂ ನಿಲ್ಲಿಸುವುದಿಲ್ಲ ಎಂದೂ ಹೇಳಿದೆ.